ಸ್ಕಾಟ್ಲೆಂಡಿನ ಪರಂಪರೆಯಿಂದ ಪ್ರೇರಿತವಾದ ಫ್ಯಾಷನ್ ಫೋಟೋ ಶೂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೈಲಿಂಗ್ ಕಲಿಯುತ್ತಿರುವವರು, ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳು ಮತ್ತು ಛಾಯಾಗ್ರಾಹಕ ಮಿತ್ರರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಕೈ ಪಳಗಿದವರ ಪ್ರಶ್ನೆಗಳು ಕೊನೆಗೆ ಬರುತ್ತವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಶುರು ಮಾಡುವ ಮುನ್ನ

ಸ್ಕಾಟಿಷ್ ಥೀಮ್ ಅಂದರೆ ಕಿಲ್ಟ್ ಹಾಕಿಸಿ ಒಂದು ಕೋಟೆಯ ಮುಂದೆ ನಿಲ್ಲಿಸಿದರೆ ಸಾಲದೇ?

ಅಂಥ ಚಿತ್ರ ಪ್ರವಾಸಿಗರ ಪೋಸ್ಟ್‌ಕಾರ್ಡಿಗೆ ಹೊಂದುತ್ತದೆ, ಫ್ಯಾಷನ್ ಚಿತ್ರಕ್ಕೆ ಸಾಲದು. ಸ್ಕಾಟ್ಲೆಂಡ್ ಚಿಕ್ಕ ದೇಶವಾದರೂ ಅದರ ಉಡುಪಿನ ಪರಂಪರೆ ಒಂದೇ ಅಲ್ಲ. ನೆರಿಗೆ ಹಿಡಿದು ಸೊಂಟಕ್ಕೆ ಸುತ್ತುವ, ಮಂಡಿಯವರೆಗಿನ ಉಡುಪಾದ ಕಿಲ್ಟ್ ಮೂಲತಃ ಉತ್ತರ ಮತ್ತು ಪಶ್ಚಿಮದ ಹೈಲ್ಯಾಂಡ್ಸ್ ಬೆಟ್ಟಸೀಮೆಯದು. ದಕ್ಷಿಣದ ಬಾರ್ಡರ್ಸ್ ಸೀಮೆಯ ಕುರುಬರು ಹೊದೆಯುತ್ತಿದ್ದದ್ದು ಕಪ್ಪು-ಬಿಳಿ ಸಣ್ಣ ಚೌಕಳಿಯ, ಮಾಡ್ ಎಂಬ ಉಣ್ಣೆಯ ಹೊದಿಕೆ. ಶೆಟ್‌ಲೆಂಡ್ ದ್ವೀಪಗಳ ಹೆಮ್ಮೆ ಹೆಣಿಗೆ, ಹ್ಯಾರಿಸ್ ಮತ್ತು ಲೂಯಿಸ್ ದ್ವೀಪಗಳದು ಟ್ವೀಡ್ ಎಂಬ ದಪ್ಪ ಉಣ್ಣೆಬಟ್ಟೆ, ಪೇಸ್ಲಿ ಪಟ್ಟಣದ್ದು ಶಾಲು. ಎಡಿನ್‌ಬರೋ ಪಕ್ಕದ ನ್ಯೂಹೇವನ್ ಬಂದರಿನಲ್ಲಿ ಮೀನು ಮಾರುತ್ತಿದ್ದ ಹೆಂಗಸರಿಗೆ ಪಟ್ಟೆಪಟ್ಟೆಯ ದಪ್ಪ ಲಂಗಗಳ ತಮ್ಮದೇ ಉಡುಗೆಯಿತ್ತು.

ಆದ್ದರಿಂದ ನಾನು ಮೊದಲು ಕೇಳುವುದು, ಈ ಚಿತ್ರಗಳು ಯಾವ ಊರಿನವು, ಯಾವ ಕಾಲದವು, ಯಾವ ಕಸುಬಿನವು ಎಂದು. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬಣ್ಣ, ಬಟ್ಟೆ, ಜಾಗ, ಮಾಡೆಲ್ ನಿಲ್ಲುವ ಭಂಗಿ ಎಲ್ಲವೂ ಆ ಉತ್ತರದಿಂದಲೇ ಹುಟ್ಟುತ್ತವೆ. ಉತ್ತರವಿಲ್ಲದೆ ಹೊರಟರೆ ಕಿಲ್ಟ್, ಬ್ಯಾಗ್‌ಪೈಪ್, ಮುಳ್ಳುಹೂವಿನ ಬ್ರೂಚ್, ಕತ್ತಿ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬಂದು ತುಂಬಿಕೊಳ್ಳುತ್ತವೆ, ಯಾವುದಕ್ಕೂ ಅರ್ಥ ಉಳಿಯುವುದಿಲ್ಲ.

ಟಾರ್ಟನ್ ಅಂದರೆ ಚೆಕ್ಸ್ ಬಟ್ಟೆ ತಾನೇ? ಅಂಗಡಿಯಲ್ಲಿ ಸಿಗುವ ಯಾವುದಾದರೂ ಆದೀತೇ?

ಟಾರ್ಟನ್ ಚೌಕಳಿಯೇ ಹೌದು, ಆದರೆ ಎಲ್ಲ ಚೌಕಳಿಯೂ ಟಾರ್ಟನ್ ಅಲ್ಲ. ಟಾರ್ಟನ್‌ನಲ್ಲಿ ಬಣ್ಣದ ಎಳೆಗಳು ಒಂದು ನಿಶ್ಚಿತ ಎಣಿಕೆಯಲ್ಲಿ, ನಿಶ್ಚಿತ ಕ್ರಮದಲ್ಲಿ ಬರುತ್ತವೆ. ಈ ಕ್ರಮವನ್ನು ಸೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ಹಾಸಿನಲ್ಲಿರುವ ಕ್ರಮವೇ ಹೊಕ್ಕಿನಲ್ಲಿಯೂ ಇರುತ್ತದೆ. ನೇಯ್ಗೆ ಟ್ವಿಲ್, ಅಂದರೆ ಎಳೆ ಎರಡರ ಮೇಲೆ ಹಾದು ಎರಡರ ಕೆಳಗೆ ಹೋಗುವುದರಿಂದ ಬಟ್ಟೆಯ ಮೇಲೆ ಸಣ್ಣ ಓರೆಗೆರೆಗಳು ಕಾಣುತ್ತವೆ. ಒಂದೇ ಬಣ್ಣದ ಹಾಸು-ಹೊಕ್ಕು ಸೇರಿದಲ್ಲಿ ಅಪ್ಪಟ ಬಣ್ಣ ಮೂಡುತ್ತದೆ, ಎರಡು ಬಣ್ಣ ಸೇರಿದಲ್ಲಿ ಮೂರನೆಯ ಮಿಶ್ರಛಾಯೆ ಹುಟ್ಟುತ್ತದೆ. ಕ್ಯಾಮೆರಾಗೆ ಬೇಕಾದ ಆಳ ಬರುವುದು ಈ ಮಿಶ್ರಛಾಯೆಗಳಿಂದ. ಅಚ್ಚು ಹಾಕಿದ ಹತ್ತಿ ಬಟ್ಟೆಯಲ್ಲಿ ಇದು ಇರುವುದಿಲ್ಲವಾಗಿ ಹತ್ತಿರದ ಶಾಟ್‌ನಲ್ಲಿ ಅದು ಸಪ್ಪೆಯಾಗಿ ಬೀಳುತ್ತದೆ. ಹಣ ಕಡಿಮೆಯಿದ್ದರೆ ಇಡೀ ಉಡುಪನ್ನು ನಕಲಿ ಬಟ್ಟೆಯಲ್ಲಿ ಹೊಲಿಸುವುದಕ್ಕಿಂತ ನಿಜವಾದ ಉಣ್ಣೆಯ ಟಾರ್ಟನ್ ಶಾಲು ಒಂದನ್ನೇ ಕೊಂಡು ಅದನ್ನು ಬಗೆಬಗೆಯಾಗಿ ಹೊದಿಸುವುದು ಮೇಲು.

ಯಾವ ಕ್ಲ್ಯಾನ್‌ಗೂ, ಅಂದರೆ ಸ್ಕಾಟಿಷ್ ಕುಲಕ್ಕೂ, ಸೇರದ ನಮ್ಮ ಮಾಡೆಲ್ ಟಾರ್ಟನ್ ಧರಿಸಬಹುದೇ? ನಾವು ಭಾರತೀಯರು, ಅವರಿಗೆ ಬೇಸರವಾಗುವುದಿಲ್ಲವೇ?

ಧರಿಸಬಹುದು. ಟಾರ್ಟನ್‌ಗಳ ಅಧಿಕೃತ ದಾಖಲೆಯನ್ನು 2008ರ ಕಾಯ್ದೆಯಂತೆ 2009ರ ಫೆಬ್ರುವರಿಯಿಂದ ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆ ಸಂಸ್ಥೆ ನಿರ್ವಹಿಸುತ್ತಿದೆ. ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಹುಡುಕಿ ನೋಡಬಹುದು. ಒಂದು ಟಾರ್ಟನ್‌ನ ಬಳಕೆಗೆ ನಿರ್ಬಂಧವಿದ್ದರೆ ಅದೂ ಅಲ್ಲಿ ನಮೂದಾಗಿರುತ್ತದೆ. ರಾಜಮನೆತನಕ್ಕೆ ಮೀಸಲಾದ ಬೂದುಬಣ್ಣದ ಬಾಲ್ಮೋರಲ್ ಟಾರ್ಟನ್ ಅಂಥದ್ದು, ಅದನ್ನು ಮುಟ್ಟಬೇಡಿ. ಒಂದು ಹೈಲ್ಯಾಂಡ್ ಸೈನ್ಯದಳದ ಹೆಸರಿನ ಬ್ಲ್ಯಾಕ್ ವಾಚ್‌ನಂಥ ಕೆಲವು ಟಾರ್ಟನ್‌ಗಳನ್ನು ಕ್ಲ್ಯಾನ್‌ನ ನಂಟಿಲ್ಲದವರೂ ಬಹಳ ಕಾಲದಿಂದ ಧರಿಸುತ್ತ ಬಂದಿದ್ದಾರೆ. ಜಿಲ್ಲೆಗಳ, ಊರುಗಳ ಹೆಸರಿನ ಟಾರ್ಟನ್‌ಗಳೂ ಇವೆ. ಗ್ಲಾಸ್ಗೋದಲ್ಲಿ ಓದುವ ಹುಡುಗಿಯೊಬ್ಬಳು ಆ ಊರಿನ ಟಾರ್ಟನ್ ಉಟ್ಟರೆ ಅದರಲ್ಲಿ ನಿಜವಾದ ಸಂಬಂಧವೊಂದು ಇರುತ್ತದೆ.

ಮನೆತನಕ್ಕೊಂದು ಟಾರ್ಟನ್ ಎಂಬ ಕಟ್ಟುನಿಟ್ಟಿನ ಪದ್ಧತಿ ನೆಲೆಯೂರಿದ್ದು ಬಹುಪಾಲು 19ನೇ ಶತಮಾನದಲ್ಲಿ ಎಂಬುದನ್ನೂ ತಿಳಿದಿರಬೇಕು. ಹಾಗೆಂದು ಇಂದಿನ ಮನೆತನಗಳಿಗೆ ಅದರ ಮೇಲಿರುವ ಪ್ರೀತಿ ಹುಸಿಯಲ್ಲ. ಒಂದು ಕ್ಲ್ಯಾನ್‌ನ ಟಾರ್ಟನ್ ಆರಿಸಿದಿರಾದರೆ ಅದರ ಹೆಸರನ್ನು ತಿಳಿದೇ ಆರಿಸಿ.

ಇತಿಹಾಸ ಎಷ್ಟು ಓದಿರಬೇಕು? ನಮಗೆ ಬೇಕಾಗಿರುವುದು ಚೆಂದದ ಚಿತ್ರ ಮಾತ್ರ.

ಎರಡು ವರ್ಷಗಳನ್ನಾದರೂ ನೆನಪಿನಲ್ಲಿಡಿ: 1746 ಮತ್ತು 1822. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ, ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ಬಂಡೆದ್ದ ಜಾಕೊಬೈಟ್ ಪಡೆ ಸೋತಿತು. ಆ ಬಳಿಕ ಬಂದ ಕಾಯ್ದೆ ಹೈಲ್ಯಾಂಡ್ಸ್‌ನ ಗಂಡಸರು, ಹುಡುಗರು ತಮ್ಮ ಸಾಂಪ್ರದಾಯಿಕ ಉಡುಪು ಧರಿಸುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಕಡಲಾಚೆಯ ಗಡೀಪಾರು. ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ದಳಗಳಿಗೆ ಮಾತ್ರ ವಿನಾಯಿತಿ ಇತ್ತು. ನಿಷೇಧ ರದ್ದಾದದ್ದು 1782ರಲ್ಲಿ. 1822ರ ಆಗಸ್ಟ್‌ನಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಸಾಹಿತಿ ವಾಲ್ಟರ್ ಸ್ಕಾಟ್ ಇಡೀ ಸಮಾರಂಭವನ್ನು ಟಾರ್ಟನ್‌ಮಯವಾಗಿ ರೂಪಿಸಿದರು, ದೊರೆಯೇ ಕಿಲ್ಟ್ ತೊಟ್ಟನು. ಒಮ್ಮೆ ಸೆರೆಮನೆಗೆ ಕಳಿಸುತ್ತಿದ್ದ ಬಟ್ಟೆ ಹೀಗೆ ದರ್ಬಾರಿನ ಬಟ್ಟೆಯಾಯಿತು.

ನಿಮ್ಮ ಚಿತ್ರದ ಕಿಲ್ಟ್ ಬಂಡಾಯದ್ದೋ, ದರ್ಬಾರಿನದ್ದೋ, ಸೈನಿಕನದ್ದೋ ಎಂಬುದು ಭಂಗಿಯನ್ನೂ ಬೆಳಕನ್ನೂ ಬದಲಿಸುತ್ತದೆ. ಅದು ತಿಳಿಯದಿದ್ದರೆ ಮಾಡೆಲ್‌ಗೆ ಏನು ಹೇಳಿ ನಿಲ್ಲಿಸುತ್ತೀರಿ?

## ಉಡುಪು ಮತ್ತು ಒಡವೆ

ಕಿಲ್ಟ್ ಉಡಿಸುವಾಗ ಸಾಮಾನ್ಯವಾಗಿ ಏನೇನು ತಪ್ಪುತ್ತದೆ?

ಎತ್ತರ ಮೊದಲು ತಪ್ಪುತ್ತದೆ. ಕಿಲ್ಟ್ ಪ್ಯಾಂಟಿನಂತೆ ಸೊಂಟದ ಮೂಳೆಯ ಮೇಲೆ ಕೂರುವುದಲ್ಲ, ಹೊಕ್ಕುಳಿನ ಮಟ್ಟದಲ್ಲಿ ಕಟ್ಟುವಂಥದ್ದು. ಕೆಳ ಅಂಚು ಮಂಡಿಯ ನಡುಭಾಗಕ್ಕೆ ಬರಬೇಕು. ನೆರಿಗೆಗಳು ಹಿಂದೆ, ಸಪಾಟಾದ ಭಾಗ ಮುಂದೆ. ಮುಂದಿನ ಹೊರಪದರದ ಅಂಚು ಧರಿಸಿದವರ ಬಲಗಡೆಗೆ ಬರುತ್ತದೆ, ಕುಚ್ಚಿನಂಥ ಎಳೆಗಳಿರುವುದೂ ಅಲ್ಲೇ. ಕಿಲ್ಟ್ ಪಿನ್ನನ್ನು ಆ ಅಂಚಿನ ಕೆಳಭಾಗದಲ್ಲಿ ಹೊರಪದರಕ್ಕೆ ಮಾತ್ರ ಚುಚ್ಚಬೇಕು. ಎರಡೂ ಪದರಕ್ಕೆ ಚುಚ್ಚಿದರೆ ನಡೆಯುವಾಗ ಬಟ್ಟೆ ಎಳೆದು ಹರಿಯುತ್ತದೆ, ಬೀಳುವ ಲಯವೂ ಕೆಡುತ್ತದೆ. ಉಣ್ಣೆಯ ಕಾಲುಚೀಲ ಮಂಡಿಯಿಂದ ಎರಡು ಮೂರು ಬೆರಳು ಕೆಳಗೆ ಮಡಚಿಕೊಳ್ಳಬೇಕು. ಸ್ಕೀಯನ್ ಡೂ ಎಂಬ ಚಿಕ್ಕ ಚೂರಿ, ಬಲಗೈ ಬಳಸುವವರಿಗೆ ಬಲಗಾಲಿನ ಕಾಲುಚೀಲದಲ್ಲಿ, ಹಿಡಿ ಮಾತ್ರ ಕಾಣುವಂತೆ ಇರುತ್ತದೆ. ರಾಷ್ಟ್ರೀಯ ಉಡುಪಿನ ಭಾಗವಾಗಿ ಅದನ್ನು ಧರಿಸಲು ಸ್ಕಾಟ್ಲೆಂಡಿನ ಕಾನೂನು ಅವಕಾಶ ಕೊಡುತ್ತದೆ. ವಿಮಾನದಲ್ಲಿ ಮಾತ್ರ ಅದು ಕೈಚೀಲದಲ್ಲಿರಕೂಡದು. ಸೊಂಟದ ಮುಂದೆ ತೂಗುವ ಸ್ಪೋರನ್ ಎಂಬ ಚೀಲದಲ್ಲಿಯೂ ಭೇದವಿದೆ: ಹಗಲಿನ ಸರಳ ಉಡುಪಿಗೆ ತೊಗಲಿನದು, ಸಂಜೆಯ ಔತಣದ ಉಡುಪಿಗೆ ತುಪ್ಪಟ ಮತ್ತು ಬೆಳ್ಳಿಯ ಬಣ್ಣದ ಕಟ್ಟಿರುವುದು. ಟ್ವೀಡ್ ಕೋಟಿನ ಜೊತೆ ಔತಣದ ಸ್ಪೋರನ್ ಕಂಡರೆ ತಿಳಿದವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಛಾಯಾಗ್ರಾಹಕರಿಗೆ ಒಂದು ಮಾತು: ವಿನ್ಯಾಸದ ಅನುಕೂಲಕ್ಕೆಂದು ಚಿತ್ರವನ್ನು ಎಡ-ಬಲ ತಿರುಗಿಸಬೇಡಿ. ತಿರುಗಿಸಿದ ಕೂಡಲೇ ಕಿಲ್ಟ್ ತಪ್ಪು ಬದಿಗೆ ತೆರೆದುಕೊಳ್ಳುತ್ತದೆ.

ಇಷ್ಟೂ ನಿಯಮಗಳನ್ನು ಬೇಕೆಂದೇ ಮುರಿಯಬಹುದು. ಹರಿದ ಟೀ ಶರ್ಟ್, ದಪ್ಪ ಅಟ್ಟೆಯ ಬೂಟಿನ ಜೊತೆ ಕಿಲ್ಟ್ ತೊಡುವುದು ಇಂದಿನ ಎಡಿನ್‌ಬರೋ ಬೀದಿಗೆ ಹೊಸದಲ್ಲ. ಆದರೆ ಹತ್ತರಲ್ಲಿ ಒಂದನ್ನು ಮುರಿದರೆ ಅದು ವಿನ್ಯಾಸವಾಗಿ ಕಾಣುತ್ತದೆ, ಎಂಟನ್ನು ಮುರಿದರೆ ಅಜ್ಞಾನವಾಗಿ ಕಾಣುತ್ತದೆ.

ಹೆಣ್ಣು ಮಾಡೆಲ್‌ಗೂ ಕಿಲ್ಟನ್ನೇ ಹಾಕಿಸಬೇಕೇ?

ಹಾಕಿಸಬಹುದು, ಕಿಲ್ಟಿನ ಮಾದರಿಯ ಸ್ಕರ್ಟುಗಳು ಬೇಕಾದಷ್ಟಿವೆ. ಆದರೆ ಹೆಂಗಸರ ಪರಂಪರೆ ಅದಕ್ಕಿಂತ ಸಮೃದ್ಧವಾಗಿದೆ. ಹೈಲ್ಯಾಂಡ್ಸ್‌ನ ಹೆಂಗಸರು ಅರಿಸೇಡ್ ಎಂಬ ಉದ್ದನೆಯ ಉಣ್ಣೆಯ ವಸ್ತ್ರವನ್ನು ಮೈತುಂಬ ಹೊದ್ದು, ಸೊಂಟಕ್ಕೆ ಪಟ್ಟಿ ಕಟ್ಟಿ, ಎದೆಯ ಬಳಿ ಬ್ರೂಚ್‌ನಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಹೊಲಿಗೆಯಿಲ್ಲದ ಈ ಉಡುಪನ್ನು ಸೀರೆಯ ನೆರಿಗೆ ಹಿಡಿದ ಅಭ್ಯಾಸವಿರುವ ನಮ್ಮ ಸ್ಟೈಲಿಸ್ಟರು ಬಹು ಬೇಗ ಕಲಿಯುತ್ತಾರೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನ್ಯೂಹೇವನ್‌ನ ಮೀನುಗಾರ್ತಿಯರ ಉಡುಗೆ. ಒಂದರ ಮೇಲೊಂದು ಉಟ್ಟ ಪಟ್ಟೆಲಂಗಗಳು, ಅವುಗಳಲ್ಲಿ ಮೇಲಿನದನ್ನು ಎತ್ತಿ ಸಿಕ್ಕಿಸಿದ ರೀತಿ, ತಲೆಗೆ ಬಿಳಿ ಟೊಪ್ಪಿಗೆ, ಬೆನ್ನ ಮೇಲೆ ಬುಟ್ಟಿ. 1840ರ ದಶಕದಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್ಸನ್ ಈ ಹೆಂಗಸರ ಚಿತ್ರಗಳನ್ನು ತೆಗೆದರು. ಛಾಯಾಗ್ರಹಣ ಇನ್ನೂ ಹಸುಗೂಸಾಗಿದ್ದ ಕಾಲವದು. ಕಾಗದದ ನೆಗೆಟಿವ್‌ನಿಂದ ಮೂಡಿದ ಆ ಕಂದು ಚಿತ್ರಗಳಲ್ಲಿ ಪಟ್ಟೆಗಳ ಲಯ, ದುಡಿಯುವ ಕೈಗಳು, ಪರಸ್ಪರ ಆತುಕೊಂಡು ನಿಂತ ಭುಜಗಳು ಇಂದಿಗೂ ಉಸಿರಾಡುತ್ತವೆ. ಸ್ಕಾಟ್ಲೆಂಡಿನ ಥೀಮ್‌ಗೆ ಟಾರ್ಟನ್‌ನ ಒಂದೇ ಒಂದು ಎಳೆಯೂ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಹ್ಯಾರಿಸ್ ಟ್ವೀಡ್, ಫೇರ್ ಐಲ್ ಎಂದೆಲ್ಲ ಕೇಳಿದ್ದೇವೆ. ಇವುಗಳನ್ನು ಹೇಗೆ ಬಳಸಬೇಕು?

ಹ್ಯಾರಿಸ್ ಟ್ವೀಡ್ ಎಂಬ ಹೆಸರಿಗೆ 1993ರ ಸಂಸತ್ತಿನ ಕಾಯ್ದೆಯ ರಕ್ಷಣೆಯಿದೆ. ಅಪ್ಪಟ ಹೊಸ ಉಣ್ಣೆಗೆ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಬಣ್ಣ ಹಾಕಿ, ಅಲ್ಲೇ ನೂತು, ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಯಾರೆ ನೇಯ್ದು, ಅಲ್ಲೇ ಹದಗೊಳಿಸಿದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಗೋಳ ಮತ್ತು ಶಿಲುಬೆಯ ಮುದ್ರೆ ಅದರ ಗುರುತು. ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕಿ ಬೆರೆಸುವುದರಿಂದ ದೂರಕ್ಕೆ ಕಂದಾಗಿ ಕಾಣುವ ಬಟ್ಟೆಯ ಹತ್ತಿರ ಹೋದರೆ ಹಳದಿ, ನೇರಳೆ, ಪಾಚಿಹಸಿರಿನ ಎಳೆಗಳು ಕಾಣುತ್ತವೆ. ಹೀಗಾಗಿ ಟ್ವೀಡ್‌ಗೆ ಎದುರಿನಿಂದ ಫ್ಲ್ಯಾಷ್ ಹೊಡೆಯಬಾರದು, ಬದಿಯ ಬೆಳಕು ಬೇಕು, ಮ್ಯಾಕ್ರೋ ಶಾಟ್ ಒಂದಾದರೂ ಬೇಕು. ದಪ್ಪ ಬಟ್ಟೆಯಾದ್ದರಿಂದ ಅದು ಜೋಲು ಬೀಳುವುದಿಲ್ಲ, ಆಕಾರ ಹಿಡಿದು ನಿಲ್ಲುತ್ತದೆ; ಗಟ್ಟಿ ಭುಜದ ಕೋಟು, ಕೇಪ್‌ಗಳಿಗೆ ಹೇಳಿಮಾಡಿಸಿದ್ದು.

ಫೇರ್ ಐಲ್ ಎಂಬುದು ಆರ್ಕ್‌ನಿ ಮತ್ತು ಶೆಟ್‌ಲೆಂಡ್‌ಗಳ ನಡುವಿನ ಪುಟ್ಟ ದ್ವೀಪ. ಅಲ್ಲಿಯ ಹೆಣಿಗೆಯಲ್ಲಿ ಬಣ್ಣಗಳು ಎಷ್ಟೇ ಇದ್ದರೂ ಒಂದು ಸಾಲಿನಲ್ಲಿ ಎರಡೇ ಬಣ್ಣ ಬಳಸುವುದು ಸಂಪ್ರದಾಯ. 1920ರ ದಶಕದ ಆರಂಭದಲ್ಲಿ ಅಂದಿನ ವೇಲ್ಸ್ ರಾಜಕುಮಾರ ಗಾಲ್ಫ್ ಆಡುವಾಗ ಅಂಥ ಸ್ವೆಟರ್ ತೊಟ್ಟ ಮೇಲೆ ಅದು ಫ್ಯಾಷನ್ನಾಯಿತು. ಉನ್ಸ್ಟ್ ದ್ವೀಪದ ಲೇಸ್ ಶಾಲು ಇನ್ನೊಂದು ಅಚ್ಚರಿ: ಮದುವೆಯ ಉಂಗುರದೊಳಗೆ ತೂರಿಸಬಹುದಾದಷ್ಟು ನವಿರು. ಅದನ್ನು ಕಿಟಕಿಗೆ ಎದುರಾಗಿ, ಹಿಂದಿನಿಂದ ಬೆಳಕು ಬರುವಂತೆ ಹಿಡಿದು ತೆಗೆಯಿರಿ.

ಸೀರೆಯ ಜೊತೆ ಸ್ಕಾಟಿಷ್ ಅಂಶಗಳನ್ನು ಬೆರೆಸಿದರೆ ಬಲವಂತದ ಫ್ಯೂಷನ್ ಎನಿಸುವುದಿಲ್ಲವೇ?

ಕಾರಣವಿಲ್ಲದೆ ಬೆರೆಸಿದರೆ ಹಾಗೇ ಅನಿಸುತ್ತದೆ. ಕಾರಣವಿರುವ ಒಂದು ದಾರಿಯೆಂದರೆ ಪೇಸ್ಲಿ. ಗ್ಲಾಸ್ಗೋ ಪಕ್ಕದ ಪೇಸ್ಲಿ ಪಟ್ಟಣದ ನೇಕಾರರು 19ನೇ ಶತಮಾನದ ಆರಂಭದಿಂದ ಕಾಶ್ಮೀರದ ಶಾಲುಗಳನ್ನು ಅನುಕರಿಸಿ ನೇಯತೊಡಗಿದರು. ಕಾಶ್ಮೀರಿ ಬುಟ್ಟಾಕ್ಕೆ ಆ ಪಟ್ಟಣದ ಹೆಸರೇ ಅಂಟಿತು. 1870ರ ದಶಕದಲ್ಲಿ ಹಿಂಭಾಗ ಉಬ್ಬಿದ ಲಂಗಗಳು ಬಂದು ದೊಡ್ಡ ಶಾಲಿಗೆ ಬೇಡಿಕೆ ಕುಸಿಯಿತು, ಉದ್ಯಮ ಸೊರಗಿತು. ನಮ್ಮ ರೇಷ್ಮೆ ಸೀರೆಗಳ ಸೆರಗಿನಲ್ಲಿರುವ ಮಾವಿನಕಾಯಿ ಬುಟ್ಟಾ ಅದೇ ಬಳಗದ್ದು. ಆದ್ದರಿಂದ ಮಾವಿನಕಾಯಿ ಸೆರಗಿನ ಮೇಲೆ ಹಳೆಯ ಪೇಸ್ಲಿ ಶಾಲು ಹೊದಿಸಿದರೆ ಎರಡು ನೇಕಾರ ಕುಲಗಳು ಎದುರುಬದುರು ನಿಂತಂತಾಗುತ್ತದೆ. ಅಂಥ ಶಾಲುಗಳು ಪೇಸ್ಲಿಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿವೆ. ಚಿತ್ರಕ್ಕೆ ಮಾತ್ರ ಗಟ್ಟಿಮುಟ್ಟಾದ ಪ್ರತಿಕೃತಿಯನ್ನೇ ಬಳಸಿ, ಪುರಾತನ ಶಾಲನ್ನು ಪಿನ್ನಿನಿಂದ ಚುಚ್ಚಬೇಡಿ.

ಒಡವೆಯಾಗಿ ಏನು ಆರಿಸಲಿ?

ಒಂದೇ ಒಂದು ಬ್ರೂಚ್ ಸಾಕು. ಹೃದಯದಾಕಾರದ ಲಕನ್‌ಬೂತ್ ಬ್ರೂಚ್‌ಗೆ ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನ ಬಳಿಯಿದ್ದ ಅಂಗಡಿ ಸಾಲಿನಿಂದ ಹೆಸರು ಬಂದಿದೆ. ಪ್ರೇಮದ ಕಾಣಿಕೆಯಾಗಿ ಕೊಡುತ್ತಿದ್ದ ಅದು ಮದುವೆಯ ಚಿತ್ರಗಳಿಗೆ ಒಪ್ಪುತ್ತದೆ. ಹೆಗಲ ಮೇಲೆ ಹೊದೆಯುವ ಭಾರವಾದ ಪ್ಲೇಡ್ ಎಂಬ ಉಣ್ಣೆವಸ್ತ್ರವನ್ನು ಹಿಡಿದಿಡಲು ದುಂಡನೆಯ ಬ್ರೂಚ್, ವಿಕ್ಟೋರಿಯಾ ಕಾಲದ ಛಾಯೆಗೆ ಬಣ್ಣದ ಅಗೇಟ್ ಕಲ್ಲಿನವು ಅಥವಾ ಹೊಗೆಬಣ್ಣದ ಕೇರ್ನ್‌ಗಾರ್ಮ್ ಕಲ್ಲಿನವು ಸೂಕ್ತ.

## ಜಾಗ, ಬೆಳಕು, ಅನುಮತಿ

ಯಾವ ತಿಂಗಳು ಹೋಗುವುದು ಒಳ್ಳೆಯದು?

ಹೆದರ್ ಗಿಡ ಬೆಟ್ಟಗಳನ್ನು ನೇರಳೆಯಾಗಿಸುವುದು ಆಗಸ್ಟ್‌ನಲ್ಲಿ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಕಣಿವೆಗಳಲ್ಲಿ ಮಿಜ್ ಎಂಬ ಕಚ್ಚುವ ಸಣ್ಣ ನೊಣಗಳು ಗಾಳಿ ನಿಂತ ಮುಂಜಾನೆ, ಸಂಜೆಗಳಲ್ಲಿ ಮೋಡದಂತೆ ಮುತ್ತುತ್ತವೆ. ಮೇಕಪ್ ಹಚ್ಚಿದ ಮುಖಕ್ಕೆ ಅವು ಅಂಟಿಕೊಂಡರೆ ಆ ಹೊತ್ತಿನ ಕೆಲಸ ನಿಂತಂತೆಯೇ. ಗಾಳಿಯಾಡುವ ಕಡಲತೀರ, ದಿಬ್ಬಗಳನ್ನು ಆರಿಸಿದರೆ ಅವುಗಳ ಕಾಟ ಕಡಿಮೆ.

ನನ್ನ ಆಯ್ಕೆ ಅಕ್ಟೋಬರ್. ಜರಿಗಿಡಗಳು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತವೆ, ಟ್ವೀಡ್‌ನ ಬಣ್ಣಗಳೆಲ್ಲ ನೆಲದಲ್ಲೇ ಸಿಗುತ್ತವೆ. ಎಡಿನ್‌ಬರೋ ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಜೂನ್‌ನಲ್ಲಿ ಹಗಲು 17 ಗಂಟೆಗೂ ಮಿಕ್ಕಿ ಇರುತ್ತದೆ, ಡಿಸೆಂಬರ್‌ನಲ್ಲಿ ಏಳು ಗಂಟೆಯಷ್ಟು ಮಾತ್ರ. ಡಿಸೆಂಬರ್‌ನ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಹತ್ತು ಡಿಗ್ರಿಯಷ್ಟೇ ಮೇಲಿರುವುದರಿಂದ, ಬಿಸಿಲು ಬಂದರೆ ಇಡೀ ಹಗಲು ಉದ್ದ ನೆರಳಿನ ಓರೆ ಬೆಳಕು ಸಿಗುತ್ತದೆ. ಬೆಂಗಳೂರಿನಲ್ಲಿ ಒಂದೇ ಗಂಟೆಯೊಳಗೆ ಮುಗಿದುಹೋಗುವ ಸಂಜೆಯ ಹೊನ್ನಬೆಳಕಿಗೆ ಒಗ್ಗಿದವರು ಇದಕ್ಕಾಗಿ ವೇಳಾಪಟ್ಟಿಯನ್ನೇ ಬೇರೆಯಾಗಿ ಬರೆಯಬೇಕು.

ಬೆಟ್ಟ, ಕೋಟೆ, ಬೀದಿಗಳಲ್ಲಿ ಚಿತ್ರ ತೆಗೆಯಲು ಅನುಮತಿ ಬೇಕೇ?

2003ರ ಭೂ ಸುಧಾರಣಾ ಕಾಯ್ದೆ ಸ್ಕಾಟ್ಲೆಂಡಿನ ಬಹುಪಾಲು ತೆರೆದ ನೆಲದಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಮನೆಗಳ ಅಂಗಳ, ಕಟ್ಟಡಗಳು, ಬೆಳೆ ನಿಂತ ಹೊಲ ಇದಕ್ಕೆ ಸೇರುವುದಿಲ್ಲ. ಲೈಟು, ಗುಡಾರ, ತಂಡ ಕಟ್ಟಿಕೊಂಡು ಮಾಡುವ ವಾಣಿಜ್ಯ ಶೂಟ್‌ಗೆ ಈ ಹಕ್ಕೊಂದನ್ನೇ ನೆಚ್ಚದೆ ಜಮೀನಿನ ಒಡೆಯರಿಗೆ ಮೊದಲೇ ಬರೆಯಿರಿ. ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಮತ್ತು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ನೋಡಿಕೊಳ್ಳುವ ಸ್ಥಳಗಳಲ್ಲಿ ವಾಣಿಜ್ಯ ಚಿತ್ರಣಕ್ಕೆ ಮುಂಗಡ ಅನುಮತಿ ಅಗತ್ಯ. ಊರ ಬೀದಿಗಳಿಗೆ ಅಲ್ಲಿಯ ಕೌನ್ಸಿಲ್ ಅನ್ನು ಕೇಳಬೇಕು.

ಕಲೋಡನ್ ಬಯಲಿನಲ್ಲಿ ಫ್ಯಾಷನ್ ಚಿತ್ರ ತೆಗೆಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಲ್ಯಾನ್‌ಗಳ ಹೆಸರು ಕೆತ್ತಿದ ಕಲ್ಲುಗಳ ಕೆಳಗೆ ಸತ್ತವರು ಮಲಗಿದ್ದಾರೆ, ಜನ ಇಂದಿಗೂ ಅಲ್ಲಿ ಹೂವಿಟ್ಟು ಹೋಗುತ್ತಾರೆ.

ಭಾರತದಿಂದ ಉಡುಪು, ಉಪಕರಣ ಒಯ್ಯುವವರು ಫಿಕ್ಕಿ ಸಂಸ್ಥೆ ಕೊಡುವ ಎಟಿಎ ಕಾರ್ನೆ ಎಂಬ ಸುಂಕಪತ್ರದ ಬಗ್ಗೆ ವಿಚಾರಿಸಿ. ತಾತ್ಕಾಲಿಕವಾಗಿ ಒಯ್ದು ಮರಳಿ ತರುವ ಸಾಮಾನಿಗೆ ಸುಂಕದ ತಕರಾರು ಇದರಿಂದ ತಪ್ಪುತ್ತದೆ.

ಅಷ್ಟು ದೂರ ಹೋಗಲಾಗದು. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅನ್ನುತ್ತಾರಲ್ಲ, ಅಲ್ಲೇ ತೆಗೆದರೆ?

ತೆಗೆಯಿರಿ, ಆದರೆ ಕೊಡಗನ್ನು ಸ್ಕಾಟ್ಲೆಂಡ್ ಎಂದು ನಂಬಿಸಲು ಹೋಗಬೇಡಿ. ಕಾಫಿ ಗಿಡ, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಕಂಡ ಕೂಡಲೇ ಜಾಗದ ಗುರುತು ಸಿಕ್ಕಿಬಿಡುತ್ತದೆ. ಮರಗಳಿಲ್ಲದ ಹುಲ್ಲುಬೆಟ್ಟಗಳು ಬೇಕಿದ್ದರೆ ಮುಳ್ಳಯ್ಯನಗಿರಿ, ಕುದುರೆಮುಖದ ಕಡೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಬಹುದು. ನನ್ನನ್ನು ಕೇಳಿದರೆ ಇಲ್ಲಿದ್ದುಕೊಂಡು ಮಾಡುವವರಿಗೆ ಸ್ಟುಡಿಯೊ ಮೇಲು: ಬೂದು ಹಿನ್ನೆಲೆ, ಒಂದೇ ಬದಿಯ ದೊಡ್ಡ ಮೃದು ಬೆಳಕು, ಹಿಲ್ ಮತ್ತು ಆಡಮ್ಸನ್ ಚಿತ್ರಗಳಂತೆ ಒತ್ತಿ ನಿಂತ ಇಬ್ಬರು ಮೂವರು. ಉಣ್ಣೆ ಹೊತ್ತ ಮಾಡೆಲ್‌ಗೆ ಸೆಕೆಯಾಗದಂತೆ ನೋಡಿಕೊಳ್ಳಲೂ ಅಲ್ಲಿ ಸಾಧ್ಯ.

## ಕೈ ಪಳಗಿದವರಿಗೆ

ಕಣ್ಣಿಗೆ ಚೆಂದ ಕಾಣುವ ಟಾರ್ಟನ್ ಚಿತ್ರದಲ್ಲಿ ಏಕೆ ಕೆಡುತ್ತದೆ?

ಸಾಮಾನ್ಯವಾಗಿ ಎರಡು ಕಾರಣ. ಒಂದು, ಕಡು ಬಣ್ಣಗಳು. ಬ್ಲ್ಯಾಕ್ ವಾಚ್‌ನ ನೀಲಿ, ಹಸಿರು, ಕಪ್ಪು ಮೋಡದ ಬೆಳಕಿನಲ್ಲಿ ಕಲಸಿ ಒಂದೇ ಕತ್ತಲ ಮುದ್ದೆಯಾಗುತ್ತವೆ. ಒಂದೇ ಟಾರ್ಟನ್ ಹಲವು ಛಾಯೆಗಳಲ್ಲಿ ನೇಯಲ್ಪಡುತ್ತದೆ ಎಂಬುದು ಇಲ್ಲಿ ನೆರವಿಗೆ ಬರುತ್ತದೆ: ಮಾಡರ್ನ್ ಎಂದರೆ ಕಡುಬಣ್ಣ, ಏನ್ಶಂಟ್ ಎಂದರೆ ಹಳೆಯ ಸಸ್ಯಬಣ್ಣಗಳನ್ನು ನೆನಪಿಸುವ ತಿಳಿಬಣ್ಣ, ವೆದರ್ಡ್ ಎಂದರೆ ಬಿಸಿಲು ಮಳೆಗೆ ಮಾಸಿದಂಥ ಕಂದು-ಬೂದು. ಹೊರಾಂಗಣದಲ್ಲಿ ಕೊನೆಯ ಎರಡು ಹೆಚ್ಚು ಚೆನ್ನಾಗಿ ಬರುತ್ತವೆ. ಇನ್ನೊಂದು ಕಾರಣ ಮೊಯಿರೆ, ಅಂದರೆ ನೇಯ್ಗೆಯ ಎಳೆಗಳೂ ಸೆನ್ಸರ್‌ನ ಚುಕ್ಕಿಗಳೂ ಒಂದಕ್ಕೊಂದು ತಾಗಿ ಮೂಡುವ ಬಣ್ಣದ ಅಲೆ. ಸಣ್ಣ ಚೌಕಳಿಯ ಟ್ವೀಡ್‌ನಲ್ಲಿ ಇದು ಹೆಚ್ಚು. ಒಂದು ಹೆಜ್ಜೆ ಮುಂದೆ ಅಥವಾ ಹಿಂದೆ ಸರಿದು, ಕೋನ ಬದಲಿಸಿ ಮತ್ತೆ ತೆಗೆಯಿರಿ. ಬಣ್ಣ ತಿದ್ದುವಾಗ ಬಟ್ಟೆಯ ತುಂಡೊಂದನ್ನು ಪರದೆಯ ಪಕ್ಕದಲ್ಲಿಟ್ಟುಕೊಳ್ಳಿ, ಏಕೆಂದರೆ ಹಸಿರು ಎಳೆ ನೀಲಿಗೆ ಜಾರಿದರೆ ಅದು ಬೇರೊಂದು ಟಾರ್ಟನ್ ಆಗಿಬಿಡಬಹುದು.

ದೊಡ್ಡ ವಿನ್ಯಾಸಕಾರರು ಇದನ್ನೆಲ್ಲ ಮಾಡಿ ಮುಗಿಸಿದ್ದಾರೆ. ನಕಲಾಗದಂತೆ ಅವರಿಂದ ಏನು ಕಲಿಯಬಹುದು?

ಅವರ ಉಡುಪಿನ ಆಕಾರವನ್ನಲ್ಲ, ಅವರು ಕೇಳಿಕೊಂಡ ಪ್ರಶ್ನೆಯನ್ನು ಕಲಿಯಿರಿ. ವಿವಿಯನ್ ವೆಸ್ಟ್‌ವುಡ್ 1993ರ ಸಂಗ್ರಹಕ್ಕೆ ಪತಿಯ ಹೆಸರಿನಲ್ಲಿ ಮ್ಯಾಕ್‌ಆಂಡ್ರಿಯಾಸ್ ಎಂಬ ಹೊಸ ಟಾರ್ಟನ್ನನ್ನೇ ಸೃಷ್ಟಿಸಿದರು: ಮನೆತನವೊಂದನ್ನು ಪ್ರೀತಿಯಿಂದ ಕಟ್ಟಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ಸ್ಕಾಟಿಷ್ ಮೂಲದ ಅಲೆಕ್ಸಾಂಡರ್ ಮೆಕ್ವೀನ್ 1995ರಲ್ಲಿ ಹೈಲ್ಯಾಂಡ್ಸ್ ಮೇಲೆ ನಡೆದ ಹಿಂಸೆಯನ್ನು ಹರಿದ ಲೇಸ್, ಟಾರ್ಟನ್‌ಗಳಲ್ಲಿ ತೋರಿಸಿದರು. ಅದು ಹಲವರನ್ನು ಕೆರಳಿಸಿತು. 2006ರಲ್ಲಿ ಕಲೋಡನ್‌ನ ವಿಧವೆಯರ ಶೋಕಕ್ಕೆ ಇನ್ನೊಂದು ಸಂಗ್ರಹವನ್ನು ಮೀಸಲಿಟ್ಟರು. ಶನೆಲ್ 2012ರ ಡಿಸೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ರಾಣಿ ಮೇರಿ ಹುಟ್ಟಿದ ಲಿನ್‌ಲಿತ್‌ಗೋ ಅರಮನೆಯ ಪಾಳುಗೋಡೆಗಳ ನಡುವೆ ಪ್ರದರ್ಶನ ನಡೆಸಿತು. ಅದೇ ವರ್ಷ ಹಾವಿಕ್ ಪಟ್ಟಣದ ಬ್ಯಾರಿ ಎಂಬ ಹೆಣಿಗೆ ಕಾರ್ಖಾನೆಯನ್ನು ಕೊಂಡು ಅಲ್ಲಿಯ ಕಸುಬು ಉಳಿಯಲು ನೆರವಾಯಿತು. 2024ರ ಜೂನ್‌ನಲ್ಲಿ ಡಿಯೋರ್ ಡ್ರಮಂಡ್ ಕೋಟೆಯ ಉದ್ಯಾನಕ್ಕೆ ಬಂತು. ಅರಮನೆ, ಉದ್ಯಾನಗಳನ್ನು ಅವರು ತೋರಿಸಿಯಾಗಿದೆ. ನೇಕಾರರ ಕೊಟ್ಟಿಗೆ, ಹೆರಿಂಗ್ ಮೀನು ಸೀಳುತ್ತಿದ್ದ ಹುಡುಗಿಯರ ಬಟ್ಟೆ ಸುತ್ತಿದ ಬೆರಳುಗಳು, ಪೇಸ್ಲಿಯ ಮಗ್ಗ ಇನ್ನೂ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ.

ಚಿತ್ರ ಪ್ರಕಟಿಸುವಾಗ ಅಡಿಬರಹದಲ್ಲಿ ಏನೇನು ಇರಬೇಕು?

ಮಾಡೆಲ್, ಛಾಯಾಗ್ರಾಹಕ, ಸ್ಟೈಲಿಸ್ಟ್, ಮೇಕಪ್ ಕಲಾವಿದರ ಹೆಸರುಗಳ ಜೊತೆಗೆ ಟಾರ್ಟನ್‌ನ ಹೆಸರು, ಬಟ್ಟೆ ನೇಯ್ದ ಗಿರಣಿ ಅಥವಾ ನೇಕಾರರು ಮತ್ತು ಚಿತ್ರ ತೆಗೆದ ನಿಜವಾದ ಸ್ಥಳ ಇರಬೇಕು. ಹ್ಯಾರಿಸ್ ಟ್ವೀಡ್ ಎಂದು ಬರೆಯುವ ಮುನ್ನ ಬಟ್ಟೆಯ ಮೇಲಿನ ಮುದ್ರೆ ನೋಡಿ. ಮುದ್ರೆಯಿಲ್ಲದಿದ್ದರೆ ಬರಿಯ ಟ್ವೀಡ್ ಎನ್ನಿ. ಹೊಸ ಟಾರ್ಟನ್ನನ್ನು ನೀವೇ ರೂಪಿಸಿದ್ದರೆ ಅದನ್ನು ಅಧಿಕೃತ ದಾಖಲೆಗೆ ಸೇರಿಸಲು ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಈಗಿರುವ ಟಾರ್ಟನ್‌ಗಳಿಗಿಂತ ಭಿನ್ನವಾಗಿದೆಯೇ ಎಂದು ಅವರು ಪರಿಶೀಲಿಸಿ, ಒಪ್ಪಿಗೆಯಾದರೆ ಪ್ರಮಾಣಪತ್ರ ಕೊಡುತ್ತಾರೆ.